ಕೊಳವೆಯ ತಳದಲ್ಲಿ ಕವೆಗೋಲು

1899ರ ಪ್ಯಾರಿಸ್. ದ್ಯುತೋ ಬೀದಿಯ ಪಾಶ್ಚರ್ ಸಂಸ್ಥೆಯೊಳಗೆ ಕಾಲಿಟ್ಟಿದ್ದೀರಿ. ಬುನ್ಸೆನ್ ದೀಪ ಸುಯ್ಯೆನ್ನುತ್ತಿದೆ. ಮಕ್ಕಳ ವೈದ್ಯ ಆನ್ರಿ ಟಿಸಿಯೆ ಅವರ ಮುಂದೊಂದು ಪುಟ್ಟ ಬಟ್ಟಲು. ಅದರಲ್ಲಿ ಎದೆಹಾಲನ್ನಷ್ಟೇ ಕುಡಿಯುವ ಕೂಸಿನ ಮಲ. ಮೂಗು ಮುಚ್ಚಿಕೊಳ್ಳಬೇಡಿ, ಹತ್ತಿರ ಬಗ್ಗಿ. ಅರಿಶಿನ ಕಲಸಿದಂಥ ಬಣ್ಣ, ಹುಳಿ ಮೊಸರಿನ ವಾಸನೆ. ಬಾಣಂತಿ ಕೋಣೆಯಲ್ಲಿ ಕೂಸಿನ ಬಟ್ಟೆ ಬದಲಿಸಿದ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ವಾಸನೆಯೇ ಇದು.

ಟಿಸಿಯೆ ಅವರ ಕೈ ನೋಡಿ. ಗ್ಲೂಕೋಸ್ ಬೆರೆಸಿದ ಅಗರ್ ತುಂಬಿದ ಉದ್ದನೆಯ ಗಾಜಿನ ಕೊಳವೆ, ಈಗಷ್ಟೇ ಕುದಿಸಿ ಇಳಿಸಿದ್ದು. ಕುದಿಯುವಾಗ ಒಳಗಿನ ಗಾಳಿ ಹೊರಟುಹೋಗಿದೆ. ಬಿಸಿ ಆರಿದ ಮೇಲೆ, ಹೆಪ್ಪುಗಟ್ಟುವ ಮುಂಚೆ, ಸೂಜಿಮೊನೆಯಷ್ಟು ಮಲವನ್ನು ಅದರಲ್ಲಿ ಕದಡುತ್ತಾರೆ. ಅದರ ಒಂದು ಹನಿ ಎರಡನೆಯ ಕೊಳವೆಗೆ, ಅಲ್ಲಿಂದ ಮೂರನೆಯದಕ್ಕೆ. ಎಲ್ಲವೂ ಬೆಚ್ಚಗಿನ ಪೆಟ್ಟಿಗೆ ಸೇರುತ್ತವೆ. ಇನ್ನು ಕಾಯಬೇಕು.

ಕೆಲವು ದಿನಗಳಾದವು. ಕೊನೆಯ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಾಳಿ ತಾಗುವ ಮೇಲ್ಭಾಗ ಖಾಲಿ. ಕಣ್ಣು ಕೆಳಗಿಳಿದಂತೆ ಬಿಳಿ ಚುಕ್ಕೆಗಳು, ಸಾಸಿವೆಗಿಂತ ಸಣ್ಣವು, ಚೆನ್ನಂಗಿ ಬೇಳೆಯ ಆಕಾರದವು. ಅಗರ್ ಎಲ್ಲೂ ಸೀಳಿಲ್ಲ. ಈ ಜೀವಿ ಗ್ಯಾಸ್ ಬಿಡುವುದಿಲ್ಲ. 1885ರಲ್ಲಿ ಮ್ಯೂನಿಕ್‌ನ ಥಿಯೋಡೋರ್ ಎಷರಿಖ್ ಕೂಸುಗಳ ಮಲದಲ್ಲೇ ಕೋಲೈ ಬ್ಯಾಕ್ಟೀರಿಯಾ ಕಂಡಿದ್ದರು. ಅದು ಗಾಳಿಯಲ್ಲೂ ಬೆಳೆಯುತ್ತದೆ. ಇದಕ್ಕೆ ಗಾಳಿಯೇ ಶತ್ರು. ಗಾಜಿನ ಪಟ್ಟಿಗೆ ಸವರಿ, ನೇರಳೆ ಬಣ್ಣ ಹಾಕಿ, ಮಸೂರಕ್ಕೆ ಕಣ್ಣಿಡಿ: ತುದಿಯಲ್ಲಿ ಕವಲೊಡೆದ ಕಡ್ಡಿಗಳು, ಥೇಟ್ ಕವೆಗೋಲು. ಇಬ್ಭಾಗವಾದದ್ದು ಎಂಬ ಅರ್ಥದಲ್ಲಿ ಟಿಸಿಯೆ ಅದನ್ನು ಬಿಫಿಡಸ್ ಎಂದು ಕರೆದರು.

ಅವರು ದಿನದಿನದ ಲೆಕ್ಕ ಇಟ್ಟರು. ಹುಟ್ಟಿದ ಕೂಸಿನ ಮೊದಲ ಕರಿ ಮಲದಲ್ಲಿ ಏನೂ ಬೆಳೆಯಲಿಲ್ಲ. ಆಮೇಲೆ ತರಹೇವಾರಿ ಜೀವಿಗಳ ಸಂತೆ. ಮೂರನೆಯ ದಿನದ ಹೊತ್ತಿಗೆ, ತಾಯಿಗೆ ಹಾಲಿಳಿಯುತ್ತಿದ್ದಂತೆ, ಸಂತೆ ಕರಗಿ ಬಹುಪಾಲು ಕವೆಗೋಲುಗಳೇ ಉಳಿದವು. ಬಾಟಲಿಯಲ್ಲಿ ಹಸುವಿನ ಹಾಲು ಕುಡಿದ ಕೂಸುಗಳಲ್ಲಿ ಸಂತೆ ಕರಗಲೇ ಇಲ್ಲ. ಆ ಬಾಟಲಿಗೆ ಉದ್ದನೆಯ ರಬ್ಬರ್ ನಳಿಕೆ, ಒಳಗೆ ತೊಳೆಯಲು ಬಾರದ್ದು. ಬೇಸಿಗೆಯ ಭೇದಿಗೆ ಎಷ್ಟು ಕೂಸುಗಳು ಹೋದವೋ! ಫ್ರಾನ್ಸ್ ಆ ನಳಿಕೆಯ ಬಾಟಲಿಯನ್ನು ನಿಷೇಧಿಸಿದ್ದು 1910ರಲ್ಲಿ. ಇಷ್ಟು ತಡವಾದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕವೆಗೋಲುಗಳಿಗೆ ಊಟ ಎಲ್ಲಿಂದ? ಅದು ಬಿಚ್ಚಿಕೊಳ್ಳಲು ದಶಕಗಳೇ ಬೇಕಾದವು. ಎದೆಹಾಲಿನಲ್ಲಿ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳಿವೆ, ಲೀಟರಿಗೆ ಸುಮಾರು 5ರಿಂದ 15 ಗ್ರಾಂ. ಕೂಸಿಗೆ ಅವು ಜೀರ್ಣವಾಗುವುದಿಲ್ಲ. ಹಾಗಾದರೆ ಬಾಣಂತಿಯ ಮೈ ಅಷ್ಟು ಕಷ್ಟಪಟ್ಟು ಅಡುಗೆ ಮಾಡುತ್ತಿರುವುದು ಯಾರಿಗೆ? 2008ರಲ್ಲಿ ಈ ಕವೆಗೋಲುಗಳ ಬಳಗದ್ದೇ ಆದ ಬಿಫಿಡೋಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್‌ನ ಜೀನೋಮ್ ಓದಿದಾಗ, ಈ ಸಕ್ಕರೆಗಳನ್ನು ಒಳಗೆಳೆದು ಕತ್ತರಿಸುವ ಜೀನ್‌ಗಳ ದೊಡ್ಡ ಗುಂಪೇ ಸಿಕ್ಕಿತು. ಉಂಡು ಅದು ಬಿಡುವುದು ಲ್ಯಾಕ್ಟಿಕ್ ಮತ್ತು ಅಸೆಟಿಕ್ ಆಮ್ಲ. ಬಟ್ಟಲಿನಿಂದ ಮೂಗಿಗೆ ಬಂದ ಹುಳಿ ಅದೇ. ಆ ಹುಳಿಯಲ್ಲಿ ಅನೇಕ ರೋಗಾಣುಗಳು ತಲೆಯೆತ್ತಲಾರವು.

ಟಿಸಿಯೆ ಅವರಿಗೆ ಈ ಸಕ್ಕರೆಯ ಕತೆ ತಿಳಿದಿರಲಿಲ್ಲ. ಆದರೂ 1906ರ ಹೊತ್ತಿಗೆ, ಭೇದಿಯಿಂದ ಬಳಲುವ ಕೂಸುಗಳಿಗೆ ಈ ಕವೆಗೋಲುಗಳನ್ನೇ ಬೆಳೆಸಿ ಕೊಡಿ ಎನ್ನುತ್ತಿದ್ದರು.