ಬಿಟ್ಟವರ ಮಾತು

ದಾವಣಗೆರೆಯಲ್ಲಿ ಕುಡಿತ ಬಿಡಲು ದಾರಿಗಳಿಗೇನೂ ಬರವಿಲ್ಲ. ಚಳಿಗಾಲಕ್ಕೆ ಅಯ್ಯಪ್ಪನ ಮಾಲೆ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರ, ಹರಿಹರದ ಆರೋಗ್ಯ ಮಾತೆಗೆ ಹರಕೆ. ಮಾಲೆಗೆ 41 ದಿನದ ಗಡುವು. ತೆಗೆದ ಸಂಜೆಯೇ ಕೆಲವರು ಹಳೇ ಬೆಂಚಿಗೆ ಹಾಜರು. ಗಡುವೇ ಇಲ್ಲದೆ ಬಿಡುವವರು ಏನನ್ನು ಬಿಡುತ್ತಾರೆ?

*

ಹರಿಹರ, ಸೆಪ್ಟೆಂಬರ್ 8ರ ಹಬ್ಬ. 2019ರಲ್ಲಿ ಬಸಿಲಿಕಾ ಪಟ್ಟ ಸಿಕ್ಕ ಚರ್ಚು. ಹೊಯ್ಸಳರ ಕಾಲದ ಹರಿಹರೇಶ್ವರನನ್ನು ಕಂಡೇ ಇತ್ತ ಬಂದವರೂ ಮೊಂಬತ್ತಿ ಹಿಡಿದು ಸಾಲಿನಲ್ಲಿದ್ದಾರೆ. ಮಾತಿಗೆ ಸಿಕ್ಕವರೆಲ್ಲ ಕೇಳುತ್ತಿರುವುದು ಆರೋಗ್ಯ. ಒಬ್ಬರಿಗೆ ಲಿವರ್ ಸರಿಯಾಗಬೇಕು. ಕುಡಿತದ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

*

ಕ್ಯಾಥೊಲಿಕರ ಪಾಪನಿವೇದನೆ ಬಲು ಚುಟುಕು. ಮಂಡಿಯೂರಿ, ತಪ್ಪುಗಳ ಹೆಸರು ಹೇಳಿ, ಪ್ರಾಯಶ್ಚಿತ್ತ ಪಡೆದು ಎದ್ದು ಬರುವುದು. ಕೇಳಿದ ಗುರು ಯಾರಿಗೂ ಬಾಯಿಬಿಡುವಂತಿಲ್ಲ. ಕಥೆಗೆ ಅಲ್ಲಿ ಜಾಗವಿಲ್ಲ.

*

ದಾವಣಗೆರೆಯ ಒಂದು ಪ್ರಾರ್ಥನಾ ಹಾಲಿನಲ್ಲಿ ಇದರ ತದ್ವಿರುದ್ಧ. ಮಾಳಿಗೆ ಮೇಲೆ ಪ್ಲಾಸ್ಟಿಕ್ ಕುರ್ಚಿ, ಕೀಬೋರ್ಡು, ಮೈಕು. ಹಮಾಲಿಯೊಬ್ಬ ಸಾಕ್ಷಿ ಹೇಳಿದ. ಶನಿವಾರದ ಬಟವಾಡೆ ಕೈಗೆ ಬಿದ್ದ ಕೂಡಲೇ ಯಾವ ಡಾಬಾ, ಯಾವ ಬ್ರ್ಯಾಂಡು, ಕ್ವಾರ್ಟರ್‌ಗೆ ಆಗ ಎಷ್ಟಿತ್ತು, ನಂಚಿಕೊಳ್ಳಲು ಖಾರ ಮಂಡಕ್ಕಿಯೋ ಮಿರ್ಚಿಯೋ, ಒಂದೂ ಬಿಡಲಿಲ್ಲ. ಜನ ನಕ್ಕರು. ನನ್ನ ಬಾಯಲ್ಲೂ ನೀರೂರಿತು, ಮಿರ್ಚಿಗೆ. ಆಮೇಲೆ, "ಯೇಸುಸ್ವಾಮಿ ಕೈ ಹಿಡಿದ, ಬಿಟ್ಟೆ." ಮುಗಿಯಿತು. ಹೊಸ ಬಾಳಿಗೆ ಒಂದೇ ವಾಕ್ಯ!

*

ಇದು ಹಮಾಲಿಯೊಬ್ಬನ ಗುಣವಲ್ಲ. ಸಂತ ಅಗಸ್ಟೀನ್ ತಮ್ಮ ಆತ್ಮನಿವೇದನೆಯನ್ನು 13 ಭಾಗಗಳಲ್ಲಿ ಬರೆದರು. ಮಿಲಾನಿನ ತೋಟದಲ್ಲಿ ಮನಸ್ಸು ತಿರುಗುವುದು 8ನೆಯದರಲ್ಲಿ. ಹುಡುಗಾಟದಲ್ಲಿ ಕದ್ದ ಪೇರು ಹಣ್ಣಿಗೇ ಎಷ್ಟೊಂದು ಪುಟ! 387ರಲ್ಲಿ ದೀಕ್ಷಾಸ್ನಾನವಾಯಿತು ಎನ್ನುವ ಸಂಗತಿ ಮಾತ್ರ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಸುಖ ಬಿಟ್ಟವರಿಗೆ ಸುಖದ ವಿವರವೇ ಏಕೆ ಇಷ್ಟು ಚೆನ್ನಾಗಿ ನೆನಪಿರುತ್ತದೆ?

ಒಂದು ಊಹೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಮೊದಲು ಬೇರುಬಿಟ್ಟಿದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದೊಳಗೆ. ಅಲ್ಲಿಯೂ ಕುಡುಕ ಕುಡುಕನಿಗೆ ತನ್ನ ಕಥೆ ಹೇಳುವುದೇ ಔಷಧಿ. ಹಾಗಿದ್ದರೆ ಹಮಾಲಿ ಹಳೆಯದನ್ನು ಚಪ್ಪರಿಸುತ್ತಿರಲಿಲ್ಲ, ಆ ವಾರದ ಡೋಸು ತೆಗೆದುಕೊಳ್ಳುತ್ತಿದ್ದ. ಪೂರ್ತಿ ನಂಬಿಕೆ ಬರುತ್ತಿಲ್ಲ. ಅವನ ಮುಖದಲ್ಲಿ ಚಪ್ಪರಿಕೆಯೂ ಇತ್ತು.

*

ಅಗಸ್ಟೀನರ ತಾಯಿ ಮೋನಿಕಾ ಮಗನಿಗಾಗಿ ವರ್ಷಗಟ್ಟಲೆ ಅತ್ತವರು. ಅವರ ಅಳುವೂ ನಮಗೆ ತಲುಪಿದ್ದು ಮಗನ ಬರಹದಿಂದಲೇ.

*

ಮೆಟ್ಟಿಲ ಬಳಿ ಹಮಾಲಿಯ ಹೆಂಡತಿ ಚಪ್ಪಲಿ ಹುಡುಕುತ್ತಿದ್ದರು. ನಿಜಕ್ಕೂ ಬಿಟ್ಟಿದ್ದಾರಾ ಅಂದೆ.

"ಬಿಟ್ಟಾರ್ರಿ. ಬಟವಾಡೆ ಮನೀಗೆ ಬರ್ತೈತಿ. ಸಿಟ್ಟೊಂದು ಹಂಗೇ ಐತಿ, ಅದಕ್ಕೂ ಪ್ರಾರ್ಥನೆ ನಡದೈತಿ."

"ನಿಮ್ಮನ್ನ ಮೈಕಿಗೆ ಕರೀಲಿಲ್ವಲ್ಲ?"

"ನಾ ಏನ್ ಬಿಟ್ಟೀನಂತ ಹೇಳ್ಲಿರಿ?"