ಜೀಪಿನ ಊರಿಗೆ ಸಣ್ಣ ಕಾರು ಬಂದ ಬಗೆ

ಗ್ಯಾರೇಜಿಗೆ ತಾಗಿಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನಿಗೆ ಊರಿನ ಕೈಯಲ್ಲಿ ದುಡ್ಡು ಇದೆಯೋ ಇಲ್ಲವೋ ಎಂಬುದು ಬೇಗ ತಿಳಿಯುತ್ತದೆ. ಅಡಿಕೆಗೆ ಬೆಲೆ ಬಂದ ವರ್ಷ ಜನ ಹೊಸ ಬ್ಯಾಟರಿ ಕೇಳುತ್ತಾರೆ, ಬೆಲೆ ಬಿದ್ದ ವರ್ಷ ಹಳೆಯದಕ್ಕೇ ನೀರು ಹಾಕಿಸಿ ದಿನ ದೂಡುತ್ತಾರೆ. 1990ರ ದಶಕದ ಮೊದಲಲ್ಲಿ ಸುಬ್ರಹ್ಮಣ್ಯದಲ್ಲಿ ನಾನು ಅಂಗಡಿ ತೆರೆದಾಗ ಕಪಾಟಿನ ತುಂಬ ಇದ್ದದ್ದು ಜೀಪಿನ ಸಾಮಾನು: ಲೀಫ್ ಪ್ಲೇಟು, ಯು ಬೋಲ್ಟು, ಬ್ರೇಕ್ ಲೈನರು, ಕ್ಲಚ್ ಪ್ಲೇಟು. ಈಗ ಕಡಬ ತಾಲೂಕಿಗೆ ಸೇರಿದ ನಮ್ಮ ಊರು ಆಗ ಸುಳ್ಯ ತಾಲೂಕಿನಲ್ಲಿತ್ತು. ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಎಲ್ಲಿಗೇ ಹೋಗುವುದಿದ್ದರೂ ಸರ್ವಿಸ್ ಜೀಪೇ ಗತಿ. ಒಳಗೆ ಜನ, ಮೇಲೆ ಹಿಂಡಿ ಮೂಟೆ, ಹಿಂದೆ ನೇತುಕೊಂಡ ಹುಡುಗರು. ಕಾರು ಎಂದರೆ ಟ್ಯಾಕ್ಸಿ ಸ್ಟ್ಯಾಂಡಿನ ಅಂಬಾಸಿಡರು, ಇಲ್ಲವೇ ಚಂಪಾಷಷ್ಠಿಗೆ ಬರುವ ಪರವೂರಿನವರದ್ದು. ಸಣ್ಣ ತೋಟದವನು, ಮೇಷ್ಟ್ರು, ಪೋಸ್ಟ್‌ಮ್ಯಾನ್, ಹೋಟೆಲಿನ ಅಡುಗೆಯವನು ಕಾರು ಕೊಳ್ಳುವ ಮಾತೇ ಇರಲಿಲ್ಲ.

ಆ ಮಾತು ಹುಟ್ಟಿದ್ದು ಸೆಕೆಂಡ್ ಹ್ಯಾಂಡ್ ಮಾರುತಿ 800ರಿಂದ. ಮೊದಲ ಮಾರುತಿ ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ನಮ್ಮ ಕಡೆ ಸಾಮಾನ್ಯರ ಅಂಗಳಕ್ಕೆ ಅದು ಬರಲು ಹತ್ತು ಹನ್ನೆರಡು ವರ್ಷ ಬೇಕಾಯಿತು, ಅದೂ ಎರಡು ಮೂರು ಕೈ ದಾಟಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಹಗುರ ಮೈ. ತೋಟದ ಮಣ್ಣುರಸ್ತೆಯಲ್ಲಿ ಹೊಟ್ಟೆ ತಾಗುತ್ತಿತ್ತು ನಿಜ, ಆದರೆ ಚರಂಡಿಗೆ ಇಳಿದರೆ ನಾಲ್ಕು ಜನ ಸೇರಿ ಎತ್ತಿ ಇಡಬಹುದಿತ್ತು. ಬಿಡಿಭಾಗ ಅಗ್ಗ, ಪುತ್ತೂರಿನಲ್ಲಿ ಸಿಗದ್ದು ಮಂಗಳೂರಿನಿಂದ ಮರುದಿನದ ಬಸ್ಸಿನಲ್ಲಿ ಬರುತ್ತಿತ್ತು. ಗೊಬ್ಬರ, ಅಡಿಕೆ ಮೂಟೆ ಸಾಗಿಸಬೇಕಾದವರು ಓಮ್ನಿ ಹಿಡಿದರು, ಉಳಿದವರಿಗೆ 800. ನನ್ನ ಕಪಾಟಿನಲ್ಲಿ ಲೀಫ್ ಪ್ಲೇಟು ಹಿಂದಕ್ಕೆ ಸರಿದು ಮಾರುತಿಯ ಫ್ಯಾನ್ ಬೆಲ್ಟು, ಪ್ಲಗ್ಗು, ಆಯಿಲ್ ಫಿಲ್ಟರು ಮುಂದೆ ಬಂದವು.

ಆ ಕಾಲದ ವ್ಯಾಪಾರ ಪೂರ್ತಿ ಬಾಯಿಮಾತಿನದ್ದು. ಗಾಡಿ ಎಷ್ಟು ಓಡಿದೆ ಎಂದು ಯಾರೂ ಮೊದಲು ಕೇಳುತ್ತಿರಲಿಲ್ಲ. “ಯಾರದ್ದು ಗಾಡಿ?” ಎಂಬುದೇ ಮೊದಲ ಪ್ರಶ್ನೆ. ಇಂಥ ಡಾಕ್ಟರದ್ದು, ಇಂಥ ಬ್ಯಾಂಕ್ ಮ್ಯಾನೇಜರದ್ದು ಎಂದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಆ ಮನುಷ್ಯ ಹೇಗೆ ಓಡಿಸುತ್ತಾನೆ, ಗಾಡಿಯನ್ನು ಶೆಡ್ಡಿನಲ್ಲಿ ಇಡುತ್ತಾನೋ ಮಾವಿನ ಮರದ ಅಡಿಯಲ್ಲೋ, ಮಗ ಕಲಿಯುವಾಗ ಎಲ್ಲಿ ಗುದ್ದಿದ, ಎಲ್ಲವೂ ಊರಿಗೇ ಗೊತ್ತು. ಇದರಿಂದ ಒಳ್ಳೆಯ ಗಾಡಿ ಸಿಗುತ್ತಿತ್ತು, ಆದರೆ ಗುರುತು ಪರಿಚಯ ಇದ್ದವರಿಗೆ ಮಾತ್ರ. ರಬ್ಬರ್ ಟ್ಯಾಪಿಂಗ್ ಮಾಡುವವನಿಗೆ, ಹೊಸತಾಗಿ ಊರಿಗೆ ಬಂದ ನೌಕರನಿಗೆ ಆ ಬಳಗದೊಳಗೆ ಜಾಗ ಇರಲಿಲ್ಲ. ಅವನು ಬ್ರೋಕರನ ಬಳಿಗೇ ಹೋಗಬೇಕಿತ್ತು, ಬ್ರೋಕರ ತೋರಿಸಿದ್ದನ್ನೇ ಕೊಳ್ಳಬೇಕಿತ್ತು.

ನಮ್ಮ ಊರಿನಲ್ಲಿ ಹಳೆಯ ಕಾರಿನ ಮೊದಲ ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದಲ್ಲಿ ಗಾಡಿಯ ಅಡಿ ಒಣಗುವುದೇ ಇಲ್ಲ. ಕುಲ್ಕುಂದದ ಜಾನುವಾರು ಜಾತ್ರೆಯಲ್ಲಿ ಹಿರಿಯರು ಎತ್ತಿನ ಹಲ್ಲು, ಗೊರಸು ನೋಡದೆ ಹಗ್ಗ ಹಿಡಿಯುತ್ತಿರಲಿಲ್ಲವಂತೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ಕಾರು ನೋಡುತ್ತಿದ್ದುದೂ ಹಾಗೆಯೇ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಗಾಡಿ ತರಬೇಕು. ಅವರು ಬಂದವರೇ ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ, “ಮೊದಲೇ ಬಿಸಿ ಮಾಡಿ ತಂದಿದ್ದೀರಲ್ಲ ಮಾರಾಯ್ರೇ, ನಾಳೆ ಬನ್ನಿ” ಎಂದು ಕಳಿಸುತ್ತಿದ್ದರು. ಆಮೇಲೆ ಒಳಗಿನ ಮ್ಯಾಟು ಎತ್ತಿ ಕಾಲಡಿಯ ತಗಡಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುವುದು. ಗಟ್ಟಿ ತಗಡು ಠಣ್ಣೆನ್ನುತ್ತದೆ. ತುಕ್ಕು ತಿಂದು ಮೇಲೆ ಪುಟ್ಟಿ ಹಚ್ಚಿ ಪೇಂಟು ಹೊಡೆದದ್ದು ಮಂದವಾಗಿ ದಪ್ಪೆನ್ನುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಮೇಲ್ಭಾಗ, ಸ್ಟೆಪ್ನಿ ಇಡುವ ಗುಂಡಿ, ಈ ಮೂರು ಕಡೆ ಅವರ ಕೈ ಹೋಗದೆ ಇರುತ್ತಿರಲಿಲ್ಲ. ಆಯಿಲ್ ಕ್ಯಾಪ್ ಬಿಚ್ಚಿ ಒಳಬದಿ ನೋಡುವುದು: ಬಿಳಿ ಕೆನೆಯಂಥದ್ದು ಅಂಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಕಡೆಗೆ ಕುಲ್ಕುಂದದಿಂದ ಬಿಸಿಲೆ ರಸ್ತೆಯ ಏರಿಗೆ ಬಿಟ್ಟು ಕ್ಲಚ್ಚಿನ ಪರೀಕ್ಷೆ. ಎಂಜಿನ್ ಸದ್ದು ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟಿನ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಇಷ್ಟಕ್ಕೂ ಅವರು ತೆಗೆದುಕೊಳ್ಳುತ್ತಿದ್ದುದು ಒಂದು ಚಹಾದ ಜೊತೆಗೆ ಕೊಟ್ಟಷ್ಟು. ಎಷ್ಟೋ ಬಡ ಕುಟುಂಬಗಳ ಉಳಿತಾಯವನ್ನು ಆ ಅಂಗೈ ಕಾಪಾಡಿದೆ.

ಮೇಸ್ತ್ರಿಯ ಅಂಗೈಗೆ ಸಿಗದ ಒಂದು ರೋಗವಿತ್ತು, ಅದು ಕಾಗದದ್ದು. ಆಗಿನ ಪದ್ಧತಿ ಎಂದರೆ ಆರ್‌ಸಿಯಲ್ಲಿ ಹೆಸರು ಬದಲಿಸುವ 29 ಮತ್ತು 30ನೇ ನಮೂನೆಗಳಿಗೆ ಮಾರುವವನು ಸೈನ್ ಹಾಕಿ, ಕೊಳ್ಳುವವನ ಹೆಸರಿನ ಜಾಗ ಖಾಲಿ ಬಿಟ್ಟು ಕೊಡುವುದು. ಪುತ್ತೂರಿನ ಆರ್‌ಟಿಒಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ “29-30 ಉಂಟಲ್ಲ, ನಿಧಾನಕ್ಕೆ ಮಾಡುವ” ಎನ್ನುತ್ತಿದ್ದರು. ಅದೇ ಕಾಗದದಲ್ಲಿ ಗಾಡಿ ಮೂರು ಕೈ ದಾಟುತ್ತಿತ್ತು. ನಮ್ಮ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಹೀಗೆ 800 ಮಾರಿ ಮರೆತಿದ್ದರು. ಎಲ್ಲಿಯೋ ಆದ ಅಪಘಾತಕ್ಕೆ, ವಿಮೆ ಇಲ್ಲದ ಗಾಡಿಗೆ, ಅವರ ಮನೆಗೆ ಕೋರ್ಟಿನ ನೋಟಿಸು ಬಂತು. ಗಾಡಿ ಆಗ ಯಾರ ಕೈಯಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಪಿಂಚಣಿಯ ದುಡ್ಡಿನಲ್ಲಿ ವಕೀಲರನ್ನು ಹಿಡಿದು ಅವರು ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಮೊದಲಿನಿಂದಲೂ ಇತ್ತು: ಗಾಡಿ ರಾಜ್ಯದೊಳಗೇ ಇದ್ದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಆ ತೀರ್ಪಿನ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದೆ.

ಮಾರುಕಟ್ಟೆಯ ದಿಕ್ಕು ಬದಲಿಸಿದ್ದು ರೈಲು. ಹಳಿ ಅಗಲಗೊಳಿಸುವ ಕೆಲಸಕ್ಕೆ ವರ್ಷಗಟ್ಟಲೆ ಮುಚ್ಚಿದ್ದ ಘಟ್ಟದ ದಾರಿಯಲ್ಲಿ 2007ರ ಡಿಸೆಂಬರಿನಲ್ಲಿ ಬೆಂಗಳೂರು ರೈಲು ಮತ್ತೆ ಓಡಿತು. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಹತ್ತಿ ಬೆಂಗಳೂರಿಗೆ ಹೋಗಿ, ಗಾಡಿ ನೋಡಿ, ಶಿರಾಡಿ ಘಾಟಿಯಲ್ಲಿ ಅದನ್ನೇ ಓಡಿಸಿಕೊಂಡು ಬರುವುದು ಸುಲಭವಾಯಿತು. ಬೆಂಗಳೂರಿನ ಗಾಡಿಗೆ ಇಲ್ಲಿ ಮರ್ಯಾದೆ ಜಾಸ್ತಿ, ಕಾರಣ ಸರಳ: ಅಲ್ಲಿ ಮಳೆ ಕಡಿಮೆ, ಕಡಲಿನ ಉಪ್ಪುಗಾಳಿ ಇಲ್ಲ, ತಗಡು ಗಟ್ಟಿ. ಕಾಸರಗೋಡಿನ ಕೆಎಲ್-14 ಗಾಡಿಗಳು ಹತ್ತಿರವೂ ಹೌದು, ಬೆಲೆಯೂ ಕಡಿಮೆ. ಆದರೆ ಎನ್‌ಒಸಿ ತಂದು, ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ-21 ನಂಬರು ಹಾಕಿಸುವಷ್ಟರಲ್ಲಿ ಉಳಿದ ದುಡ್ಡು ಮುಗಿಯುತ್ತಿತ್ತು. ಅಷ್ಟರಲ್ಲಿ ಝೆನ್, ಸ್ಯಾಂಟ್ರೋ, ಇಂಡಿಕಾ, ಆಲ್ಟೋ, ವ್ಯಾಗನ್ ಆರ್ ಎಲ್ಲವೂ ಸೆಕೆಂಡ್ ಹ್ಯಾಂಡಿಗೆ ಇಳಿದಿದ್ದವು. ಮುಂಡು ಉಟ್ಟ ಅಜ್ಜಂದಿರು ಬಗ್ಗದೆ ಹತ್ತಿ ಕೂರಬಹುದಾದ ವ್ಯಾಗನ್ ಆರ್ ಮನೆಮನೆಗೆ ಬೇಕಾಯಿತು. 2011ರ ಹೊತ್ತಿಗೆ ರಬ್ಬರಿನ ಬೆಲೆ ಕಿಲೋಗೆ ಇನ್ನೂರು ದಾಟಿದಾಗ ನಮ್ಮ ಗ್ಯಾರೇಜಿನ ಮುಂದೆ ವಾರವಾರವೂ ಹೊಸ ಮುಖದ ಹಳೆಯ ಕಾರು. 2014ರ ಜನವರಿಯಲ್ಲಿ 800ರ ತಯಾರಿ ನಿಂತಿತು, ಅದರ ಪಾರ್ಟ್ಸ್ ಕೇಳುವವರು ನಿಲ್ಲಲಿಲ್ಲ.

ಅದಾದ ಮೇಲೆ ಬಂದದ್ದು ಮೊಬೈಲು. ಗಾಡಿಯ ನಂಬರು ಒತ್ತಿದರೆ ಯಾವ ವರ್ಷದ್ದು, ಎಷ್ಟನೇ ಓನರು, ವಿಮೆ ಇದೆಯೋ, ಬ್ಯಾಂಕಿನ ಸಾಲ ಬಾಕಿ ತೋರಿಸುತ್ತದೆಯೋ ಎಂಬುದು ಅಂಗಡಿಯ ಬೆಂಚಿನ ಮೇಲೆ ಕೂತೇ ತಿಳಿಯಿತು. ಮೀಟರ್ ಹಿಂದಕ್ಕೆ ತಿರುಗಿಸಿದ ಗುಮಾನಿ ಬಂದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ಕೇಳಬಹುದು. 2020ರ ಕೊರೊನಾದಲ್ಲಿ ಬಸ್ಸು ನಿಂತಾಗ, ಡಯಾಲಿಸಿಸ್‌ಗೆ, ಹೆರಿಗೆಗೆ ಪುತ್ತೂರು ಮಂಗಳೂರಿಗೆ ಹೋಗಬೇಕಾದ ಮನೆಗಳು ಕಾರಿಲ್ಲದೆ ಪಟ್ಟ ಪಾಡು ಯಾರೂ ಮರೆತಿಲ್ಲ. ಆಮೇಲೆ ಕಾರು ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರು ಒಂದೂವರೆ ಎರಡು ಲಕ್ಷದ ಒಳಗಿನವರು, ಮೊದಲ ಬಾರಿ ಕೊಳ್ಳುವವರು.

ಅಂಥವರಲ್ಲಿ ಕೊಲ್ಲಮೊಗ್ರು ಕಡೆಯ ಅಂಗನವಾಡಿ ಟೀಚರ್ ಒಬ್ಬರು. 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯ, ಹರಿಹರ, ಕಲ್ಮಕಾರು ಭಾಗದಲ್ಲಿ ಸುರಿದ ಮಳೆಗೆ ಗುಡ್ಡ ಜರಿದು, ಹೊಳೆ ಉಕ್ಕಿ, ಜೀವಹಾನಿಯಾಗಿ ಊರೇ ನಡುಗಿತ್ತು. ಅದಾದ ಕೆಲವು ತಿಂಗಳಿಗೆ ಅವರು ಒಬ್ಬರೇ ಒಂದು ವ್ಯಾಗನ್ ಆರ್ ತಂದು ನಿಲ್ಲಿಸಿದರು. “ಅಣ್ಣ, ಇದು ನೆರೆಯಲ್ಲಿ ಮುಳುಗಿದ ಗಾಡಿಯಾ ನೋಡಿ ಹೇಳಿ.” ಮೇಸ್ತ್ರಿಗೆ ವಯಸ್ಸಾಗಿತ್ತು, ಅವರ ಮಗ ನೋಡಿದ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದ. ಮುಳುಗಿದ ಗಾಡಿಯಾದರೆ ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ ಮೂಸಿದ, ಫ್ಯೂಸ್ ಬಾಕ್ಸ್ ತೆರೆದು ನೋಡಿದ. “ನೀರು ಮುಟ್ಟಲಿಲ್ಲ ಅಕ್ಕ. 2010ರ ನಂತರದ ಕೆ ಸೀರೀಸ್ ಎಂಜಿನ್, ಟೈಮಿಂಗ್ ಚೈನ್ ಉಂಟು, ಹಳೆಯದರ ಹಾಗೆ ಬೆಲ್ಟ್ ಬದಲಿಸುವ ತಲೆಬಿಸಿ ಇಲ್ಲ. ಟಯರು ಮಾತ್ರ ನಾಲ್ಕೂ ಹೋಗಿದೆ.” ಅವರು ಟಯರಿನ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಷ್ಟನ್ನೂ ಚೌಕಾಸಿಯಲ್ಲಿ ಇಳಿಸಿದರು. ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಲಿಲ್ಲ. ಅದೇ ವಾರ ಪುತ್ತೂರಿಗೆ ಹೋಗಿ ಹೆಸರು ಬದಲಿಸಲು ಅರ್ಜಿ ಹಾಕಿದರು, ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿದರು. ಯಾರ ಶಿಫಾರಸೂ ಇಲ್ಲದೆ, ಯಾವ ಬ್ರೋಕರನ ಹಂಗೂ ಇಲ್ಲದೆ.

ಇಷ್ಟು ವರ್ಷದಲ್ಲಿ ಈ ವ್ಯಾಪಾರದಲ್ಲಿ ಆದ ದೊಡ್ಡ ಬದಲಾವಣೆ ಇದೇ ಎಂದು ನನಗೆ ಅನಿಸುತ್ತದೆ. ಗಾಡಿಯ ಚರಿತ್ರೆ ಹಿಂದೆ ನಾಲ್ಕು ಜನ ದೊಡ್ಡವರ ಬಾಯಲ್ಲಿತ್ತು, ಈಗ ಕೇಳಿದವರಿಗೆಲ್ಲ ಸಿಗುತ್ತದೆ. ಕಾನೂನೂ ಬಿಗಿಯಾಗಿದೆ. 2023ರ ಏಪ್ರಿಲ್‌ನಿಂದ ಹಳೆಯ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣದ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು, ಹಾಗಾಗಿ ಹದಿನಾಲ್ಕು ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಆ ಲೆಕ್ಕ ಹಾಕಬೇಕು. ಸಾಧ್ಯವಾದವರು ಇನ್ನೊಂದಿಷ್ಟು ಕೂಡಿಸಿ 2019ರ ಜುಲೈ ನಂತರದ ಗಾಡಿಯನ್ನೇ ಹುಡುಕಲಿ. ಅವುಗಳಲ್ಲಿ ಎಬಿಎಸ್ ಮತ್ತು ಡ್ರೈವರಿನ ಏರ್‌ಬ್ಯಾಗ್ ಕಡ್ಡಾಯ, ಮಳೆಗಾಲದ ಘಾಟಿಯಲ್ಲಿ ಅದು ಜೀವದ ಪ್ರಶ್ನೆ.

ಆದರೆ ಮೊಬೈಲಿಗೆ ತುಕ್ಕು ಕಾಣುವುದಿಲ್ಲ, ಕ್ಲಚ್ಚಿನ ಸದ್ದು ಕೇಳುವುದಿಲ್ಲ. ಫೋಟೋ ನೋಡಿ ಅಡ್ವಾನ್ಸ್ ಕಳಿಸುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಕಾಗದ ಸರಿಯಿದ್ದ ಗಾಡಿಯ ಅಡಿ ಕೊಳೆತಿರಬಹುದು, ಅಡಿ ಗಟ್ಟಿಯಿದ್ದ ಗಾಡಿಯ ಕಾಗದ ಕೊಳೆತಿರಬಹುದು. ಎರಡನ್ನೂ ನೋಡಿ ಕೊಂಡವರು ನಮ್ಮ ಗ್ಯಾರೇಜಿಗೆ ಸರ್ವಿಸಿಗೆ ಬರುತ್ತಾರೆ, ಒಂದನ್ನೇ ನೋಡಿದವರು ರಿಪೇರಿಗೆ ಬರುತ್ತಾರೆ. ಎರಡು ಲಕ್ಷ ಕೂಡಿಸಲು ಇಲ್ಲಿಯ ಒಂದು ಕುಟುಂಬಕ್ಕೆ ಎಷ್ಟು ವರ್ಷ ಬೇಕು ಎಂದು ನನಗೆ ಗೊತ್ತು. ಆ ದುಡ್ಡು ಕೊಡುವ ಮೊದಲು ಒಂದು ಬೆಳಗನ್ನು ಮೆಕ್ಯಾನಿಕ್ಕಿಗೆ, ಒಂದು ದಿನವನ್ನು ಪುತ್ತೂರಿನ ಕಚೇರಿಗೆ ಕೊಡಿ.