ಅವ್ವನ ಶ್ರುತಿ 448

ಧಾರವಾಡದಿಂದ ಪುಣೆಗೆ ಬಂದವರು ಹಾರ್ಮೋನಿಯಂ ಹಿಡಿದರೆ ಯಾರೂ ಏನೂ ಕೇಳುವುದಿಲ್ಲ. ನಾನು ಹಿಡಿದದ್ದು ಅಕಾರ್ಡಿಯನ್. ಈನಾಕ್ ಡ್ಯಾನಿಯಲ್ಸ್ ಅವರ ಊರಿದು. 1969ರ ‘ಆರಾಧನಾ’ ಚಿತ್ರದ ಆ ಮಳೆರಾತ್ರಿಯ ಹಾಡಿನಲ್ಲಿ ಕೇರ್ಸಿ ಲಾರ್ಡ್ ನುಡಿಸಿದ ಅಕಾರ್ಡಿಯನ್ ಕೇಳುತ್ತ ಬೆಳೆದ ಪೀಳಿಗೆ ನಮ್ಮದು. ಬ್ಯಾಂಕಿನ ವರ್ಗಾವಣೆ ಮೇಲೆ ಇಲ್ಲಿಗೆ ಬಂದವನು ಇಲ್ಲೇ ಫ್ಲ್ಯಾಟ್ ಮಾಡಿದೆ, ಇಲ್ಲೇ ನಿವೃತ್ತನಾದೆ. ಹಳೆಯ ಅಕಾರ್ಡಿಯನ್ ಹತ್ತು ಕಿಲೋ ಮೀರಿತ್ತು, ಅರವತ್ತರ ಹೆಗಲು ಒಲ್ಲೆ ಅಂತು. ಅದನ್ನು ಕೊಟ್ಟು, ವಾದ್ಯವೃಂದದವರೊಬ್ಬರಿಂದ ರೋಲ್ಯಾಂಡ್ ಕಂಪನಿಯ ಡಿಜಿಟಲ್ ಅಕಾರ್ಡಿಯನ್ ಕೊಂಡೆ. ಒಳಗೆ ರೀಡ್ ಒಂದೂ ಇಲ್ಲ. ತಿದಿ ಉಂಟು, ಆದರೆ ಅದರ ಕೆಲಸ ಗಾಳಿಯ ಒತ್ತಡ ಅಳೆದು ಹೇಳುವುದು ಮಾತ್ರ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮಧ್ಯರಾತ್ರಿ ನುಡಿಸಿದರೂ ಸೊಸೈಟಿಯ ಸೆಕ್ರೆಟರಿಗೆ ತಕರಾರಿಲ್ಲ.

2024ರ ದೀಪಾವಳಿ ಮುಂದೆ ತಂಗಿ ಧಾರವಾಡದಿಂದ ಫೋನ್ ಮಾಡಿದಳು. “ಅಣ್ಣಾ, ಡಿಸೆಂಬರದಾಗ ಮಗಳ ಲಗ್ನ. ಅವ್ವನ ಆರತಿ ಹಾಡು ಹಾಡಬೇಕಂದ್ರ ಧಾಟಿನ ನೆನಪಾಗವಲ್ಲದು. ನಿನ್ನ ಹತ್ತೇಕ ಕ್ಯಾಸೆಟ್ ಅದಲಾ?”

ಇತ್ತು. 1994ರಲ್ಲಿ ಅವ್ವ ಪುಣೆಗೆ ಬಂದಾಗ ಅಡಿಗೆಮನೆಯಲ್ಲಿ ಕೂಡಿಸಿ ತುಂಬಿಕೊಂಡದ್ದು. ಹಿಂದೆ ಕುಕ್ಕರಿನ ಸೀಟಿ, ಗಡಿಯಾರದ ಟಿಕ್ ಟಿಕ್. ಆ ಹಾಡು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಅವ್ವನಿಗೆ ಅವಳ ಅತ್ತೆಯಿಂದ ಬಂದದ್ದಂತೆ. ಅವ್ವ ಹೋಗಿ ಹನ್ನೊಂದು ವರ್ಷ. ಟೇಪು ಅಲ್ಲಲ್ಲಿ ಮಂಕಾಗಿದೆ, ಮೂರನೇ ನುಡಿಯಲ್ಲಿ ಒಂದು ಸಾಲು ಗೊರಗೊರ ಅನ್ನುತ್ತದೆ.

ಕ್ಯಾಸೆಟ್ ಹಚ್ಚಿ ಜೊತೆಗೆ ನುಡಿಸಹೋದರೆ ಸ್ವರ ಕೂಡಲೇ ಇಲ್ಲ. ಅವ್ವನ ಷಡ್ಜ ಕಾಳಿ ನಾಲ್ಕಕ್ಕೂ ನಿಲ್ಲದು, ಬಿಳಿ ಆರಕ್ಕೂ ಏರದು, ನಡುವೆ ಎಲ್ಲೋ ಕೂತಿದೆ. ಇದರಲ್ಲಿ ಅವಳ ತಪ್ಪೇನಿಲ್ಲ. ಅವಳಿಗೆ ಶ್ರುತಿಪೆಟ್ಟಿಗೆಯೇ ಇರಲಿಲ್ಲ. ಮೇಲಾಗಿ ಟೇಪಿನ ಮೋಟಾರು ಸೆಕೆಂಡಿಗೆ 4.76 ಸೆಂಟಿಮೀಟರಿನ ಬದಲು ಚೂರು ಬೇಗ ಓಡಿದರೂ ಸಾಕು, ಸ್ವರ ಏರಿಬಿಡುತ್ತದೆ. ಹಾರ್ಮೋನಿಯಂ ಆಗಿದ್ದರೆ ಕೈ ಚೆಲ್ಲಬೇಕಿತ್ತು. ಡಿಜಿಟಲ್ ಪೆಟ್ಟಿಗೆಯಲ್ಲಿ ಮಾಸ್ಟರ್ ಟ್ಯೂನಿಂಗ್ ಅಂತ ಒಂದುಂಟು. ಸಾಮಾನ್ಯವಾಗಿ 440 ಹರ್ಟ್ಸ್. ಒಂದೊಂದೇ ಏರಿಸುತ್ತ ಹೋದೆ. 448ಕ್ಕೆ ಬಂದಾಗ ನನ್ನ ಸಾ ಅವ್ವನ ಸಾದೊಳಗೆ ಕರಗಿಹೋಯಿತು. ಲೆಕ್ಕಕ್ಕೆ ಅದು ಅರ್ಧಸ್ವರದ ಮೂರನೇ ಒಂದು ಪಾಲೂ ತುಂಬದು. ಕಿವಿಗೆ ಮಾತ್ರ ಅದೇ ಎಲ್ಲ.

ಅದಕ್ಕೂ ಮುಂಚೆ ಮ್ಯುಸೆಟ್ ತೆಗೆದುಹಾಕಿದ್ದೆ. ಎರಡು ರೀಡುಗಳನ್ನು ಬೇಕಂತಲೇ ಕೊಂಚ ಹೆಚ್ಚುಕಡಿಮೆ ಶ್ರುತಿ ಮಾಡಿದಾಗ ಬರುವ ಆ ಅಲುಗಾಟ ಪ್ಯಾರಿಸ್ಸಿನ ಬೀದಿಗೆ ಚಂದ. ಶ್ರುತಿ ಹುಡುಕುವವನಿಗೆ ಅದು ಕಣ್ಣಿಗೆ ಕಟ್ಟಿದ ಪಟ್ಟಿ. ಎಡಗೈಯ ಕಾರ್ಡುಗಳ ದನಿಯನ್ನೂ ಸೊನ್ನೆ ಮಾಡಿ, ಬೇಸಿನಲ್ಲಿ ಸಾ-ಪಾ ಅಷ್ಟೇ ಇಟ್ಟೆ. ಆರತಿ ಹಾಡಿಗೆ ಮೇಜರ್ ಮೈನರ್ ಹಚ್ಚುವುದೆಂದರೆ ಹೋಳಿಗೆಗೆ ಟೊಮ್ಯಾಟೊ ಸಾಸ್ ಹಚ್ಚಿದ ಹಾಗೆ. ಹಚ್ಚಿ ತಿನ್ನುವವರೂ ಇದ್ದಾರೆ, ಇರಲಿ.

ಇನ್ನು ತಂಗಿಯ ಪಾಡು. ಅವಳ ಶ್ರುತಿ ಬಿಳಿ ನಾಲ್ಕು, ಅವ್ವನಿಗಿಂತ ಮೂರು ಮನೆ ಕೆಳಗೆ. ಕಲಿಯಲು ಹಾಡು ನಿಧಾನವೂ ಆಗಬೇಕು. ಟೇಪನ್ನು ನಿಧಾನ ಮಾಡಿದರೆ ಅವ್ವನ ದನಿ ಗಂಡಸಿನದಾಗುತ್ತದೆ. ಈಗ ದನಿ ಕೆಡದಂತೆ ಹಿಗ್ಗಿಸುವ ಸಾಫ್ಟ್‌ವೇರ್ ಇವೆ, ಬಲ್ಲೆ. ಅವ್ವನ ದನಿಯನ್ನು ಹಾಗೆ ಎಳೆದು ಕೇಳುವ ಮನಸ್ಸಾಗಲಿಲ್ಲ.

ಇಲ್ಲಿ ಮಿಡಿ ಉಪಯೋಗಕ್ಕೆ ಬಂತು. 1983ರಲ್ಲಿ, ಅಂದರೆ ನಾನು ಬ್ಯಾಂಕು ಸೇರಿದ ವರ್ಷವೇ, ಬಂದ ಪದ್ಧತಿ ಇದು. ಮಿಡಿ ಅಂದರೆ ಶಬ್ದವಲ್ಲ ನೋಡ್ರಿ, ವೋಚರ್. ಯಾವ ಮನೆ ಒತ್ತಿದೆ, ಎಷ್ಟು ಹೊತ್ತು ಹಿಡಿದೆ, ತಿದಿ ಎಷ್ಟು ಎಳೆದೆ, ಎಲ್ಲಕ್ಕೂ ಒಂದೊಂದು ನಮೂದು, 0ಯಿಂದ 127ರವರೆಗಿನ ಅಂಕಿಯಲ್ಲಿ. ನಡುಸಪ್ತಕದ ಸಿ ಸ್ವರಕ್ಕೆ 60. ಹದಿನಾರು ಚಾನೆಲ್‌ಗಳು ಹದಿನಾರು ಖಾತೆ ಇದ್ದ ಹಾಗೆ. ಬಲಗೈಯನ್ನು ಒಂದರಲ್ಲಿ, ಬೇಸನ್ನು ಎರಡರಲ್ಲಿ ಇಟ್ಟೆ. ಎರಡೂ ಒಂದೇ ಖಾತೆಗೆ ಜಮಾ ಆದರೆ ಆಮೇಲೆ ಬಿಡಿಸುವುದು ಯಾವ ಆಡಿಟರಿಗೂ ಆಗದು. 448ರ ವ್ಯವಹಾರ ಈ ಪುಸ್ತಕಕ್ಕೆ ಬರುವುದೇ ಇಲ್ಲ, ಬರೆಯುವುದು ಮನೆಯ ಸಂಖ್ಯೆ ಮಾತ್ರ. ಹಾಗಾಗಿ ಕಂಪ್ಯೂಟರಿನಲ್ಲಿ ಮೂರು ಮನೆ ಇಳಿಸಿ, ವೇಗವನ್ನು ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ, ತಂಗಿಗೆ ಬೇಕಾದದ್ದು 440ರ ಶುದ್ಧ ಶ್ರುತಿಯಲ್ಲೇ ಸಿದ್ಧ.

ಬಾರದ್ದು ಒಂದೇ. ಅವ್ವ ಗಾಂಧಾರವನ್ನು ಜಾರಿಸಿ ಹಾಡುತ್ತಿದ್ದಳು. ಮನೆಯಿಂದ ಮನೆಗೆ ಹಾರುವ ವಾದ್ಯಕ್ಕೆ ಆ ಜಾರು ಎಲ್ಲಿಂದ ಬರಬೇಕು? ಇಂಥ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಅದಕ್ಕೇ ತಂಗಿಗೆ ಎರಡೂ ಕಳಿಸಿದೆ. ಧಾಟಿಗೆ ನನ್ನದು, ಗಾಂಧಾರಕ್ಕೆ ಕ್ಯಾಸೆಟ್ಟಿನದು.

ತಿದಿಯ ನಮೂದು, ಎಕ್ಸ್‌ಪ್ರೆಶನ್ ಅನ್ನುವ ಹನ್ನೊಂದನೇ ಕಂಟ್ರೋಲ್, ಕಂಪ್ಯೂಟರ್ ಪರದೆಯ ಮೇಲೆ ಏರಿಳಿತದ ಗೆರೆಯಾಗಿ ಕಾಣುತ್ತದೆ. ನನ್ನಾಕಿ ಚಹಾ ತಂದವಳು ಅದನ್ನು ನೋಡಿ, “ಇದೇನ್ರೀ, ದವಾಖಾನಿ ಕಾಗದ ಇದ್ಧಂಗ ಅದ” ಅಂದಳು. ಸಾಲು ಸಾಲಿನ ಕೊನೆಗೆ ಗೆರೆ ನೆಲಕ್ಕೆ ಇಳಿದು ಮತ್ತೆ ಏಳುತ್ತಿತ್ತು. ಅವ್ವ ಉಸಿರು ತಗೊಂಡಲ್ಲೆಲ್ಲ ನನ್ನ ಕೈ ತಿದಿ ತಿರುಗಿಸಿತ್ತು.

ಎರಡು ದಿನ ಬಿಟ್ಟು ತಂಗಿಯ ಫೋನು. ಧಾಟಿ ಕೂತಿತಂತೆ. ಗೊರಗೊರ ಸಾಲಿನ ಶಬ್ದಗಳು ಮಾತ್ರ ಅವಳಿಗೂ ತಿಳಿಯಲಿಲ್ಲ. “ಲಗ್ನಕ್ಕ ಗದಗಿನ ಮಾವಶಿ ಬರತಾಳ, ಆಕೀನ್ನ ಕೇಳೋಣ. ಆಕೀಗೂ ತೊಂಬತ್ತು ಆತು, ನೀ ಎರಡು ದಿನ ಮುಂದಾಗೇ ಬಾ.”

ಟಿಕೀಟು ತೆಗೆಸಿದೆ. ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಇನ್ನೂ ಐದು ಹಾಡುಗಳಿವೆ.